ವಿನ್ಯಾಸ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ದೃಶ್ಯ ಗುರುತು ರೂಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕುರ್ಚಿ, ಭಿತ್ತಿಪತ್ರ, ರೇಡಿಯೊ, ಬೆರಳಚ್ಚು ಯಂತ್ರ, ಅಚ್ಚುಮೊಳೆ, ಔಷಧದ ಡಬ್ಬಿ ಮುಂತಾದ ದಿನಬಳಕೆಯ ವಸ್ತುಗಳು ಈಗಿರುವ ರೂಪಕ್ಕೆ ಹೇಗೆ ಬಂದವು ಎಂಬುದನ್ನು ಹೇಳುವ ವಸ್ತುಸಂಗ್ರಹಾಲಯಕ್ಕೆ ದೃಶ್ಯ ಗುರುತನ್ನು ರೂಪಿಸಲು ಹೊರಟವರೂ ಅದನ್ನು ಮಾಡಿಸಲು ಹೊರಟವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಲ್ಲಿ ಕೆಲವು ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ಎಲ್ಲರೂ ಒಪ್ಪಿರುವ ರೂಢಿಗಳು, ಇನ್ನು ಕೆಲವು ನನ್ನ ಸ್ವಂತ ತೀರ್ಮಾನಗಳು. ಸ್ವಂತದ್ದಾದ ಕಡೆ ಹಾಗೆಂದೇ ಹೇಳಿದ್ದೇನೆ.

ದೃಶ್ಯ ಗುರುತು ಎಂದರೆ ಲೋಗೋ ತಾನೇ?

ಲೋಗೋ ಅದರ ಒಂದು ಭಾಗ ಮಾತ್ರ. ಸಂಸ್ಥೆಯ ಹೆಸರನ್ನು ಬರೆಯುವ ರೀತಿ, ಎಲ್ಲ ಬರಹಕ್ಕೂ ಬಳಸುವ ಅಕ್ಷರಶೈಲಿ, ಬಣ್ಣಗಳು, ಪುಟದ ಅಳತೆ ಮತ್ತು ಅಂಚುಗಳು, ವಸ್ತುಗಳ ಛಾಯಾಚಿತ್ರ ತೆಗೆಯುವ ಕ್ರಮ, ದಾರಿ ತೋರಿಸುವ ಫಲಕಗಳು, ಟಿಕೆಟ್ಟು, ಜಾಲತಾಣ, ಬರಹದ ಧಾಟಿ, ಇವೆಲ್ಲವೂ ಸೇರಿ ನೋಡುಗರ ಮನಸ್ಸಿನಲ್ಲಿ ಒಂದೇ ಸಂಸ್ಥೆಯಾಗಿ ಉಳಿಯಬೇಕು. ಹಾಗೆ ಉಳಿಸುವ ಇಡೀ ವ್ಯವಸ್ಥೆಯನ್ನು ದೃಶ್ಯ ಗುರುತು ಎನ್ನುತ್ತೇವೆ.

ಈ ಕಲ್ಪನೆಗೇ ಒಂದು ಇತಿಹಾಸವಿದೆ. ಜರ್ಮನಿಯ ವಿದ್ಯುತ್ ಕಂಪನಿ ಎಇಜಿ 1907ರಲ್ಲಿ ವಾಸ್ತುಶಿಲ್ಪಿ ಪೀಟರ್ ಬೆಹ್ರೆನ್ಸ್ ಅವರನ್ನು ಕಲಾ ಸಲಹೆಗಾರರನ್ನಾಗಿ ನೇಮಿಸಿಕೊಂಡಿತು. ಅವರು ಕಂಪನಿಯ ಚಿಹ್ನೆಯ ಜೊತೆಗೆ ನೀರು ಕಾಯಿಸುವ ವಿದ್ಯುತ್ ಕೆಟಲ್, ದೀಪ, ಜಾಹೀರಾತು, ಬರ್ಲಿನ್ನಿನ ಟರ್ಬೈನ್ ಕಾರ್ಖಾನೆಯ ಕಟ್ಟಡ ಎಲ್ಲವನ್ನೂ ಒಂದೇ ದೃಷ್ಟಿಯಿಂದ ರೂಪಿಸಿದರು. ಲಂಡನ್ನಿನ ಭೂಗತ ರೈಲಿಗಾಗಿ ಎಡ್ವರ್ಡ್ ಜಾನ್‌ಸ್ಟನ್ ಬರೆದ ಅಕ್ಷರಶೈಲಿ 1916ರಲ್ಲಿ ಬಳಕೆಗೆ ಬಂತು. ಅಂದರೆ ನೀವು ಈಗ ಕೈಗೆತ್ತಿಕೊಳ್ಳುವ ಕೆಲಸವು ಅದೇ ವಸ್ತುಸಂಗ್ರಹಾಲಯದ ಒಂದು ಕೊಠಡಿಯ ವಿಷಯವೂ ಆಗಿರುತ್ತದೆ. ಈ ಸಂಗತಿಯನ್ನು ಕೆಲಸ ಮುಗಿಯುವವರೆಗೂ ಮರೆಯಬಾರದು.

ಬೇರೆ ವಸ್ತುಸಂಗ್ರಹಾಲಯಗಳ ಗುರುತಿಗೂ ಇದಕ್ಕೂ ಏನು ವ್ಯತ್ಯಾಸ?

ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ ಆನೆಯ ಅಸ್ಥಿಪಂಜರದ ಪಕ್ಕ ಒಂದು ಮಾಹಿತಿ ಫಲಕ ನಿಂತರೆ ಅವೆರಡಕ್ಕೂ ಹೋಲಿಕೆಯ ಮಾತೇ ಬರುವುದಿಲ್ಲ. ವಿನ್ಯಾಸ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಹಾಗಲ್ಲ. ಅಲ್ಲಿ ಗೋಡೆಯ ಮೇಲೆ ತೂಗುಹಾಕಿರುವುದು ಒಂದು ಭಿತ್ತಿಪತ್ರ, ಅದರ ಪಕ್ಕದ ವಿವರಣೆಯೂ ಅಕ್ಷರವಿನ್ಯಾಸದ ಒಂದು ತುಂಡು. ಪ್ರದರ್ಶನಕ್ಕಿಟ್ಟದ್ದೂ ಅದನ್ನು ಪರಿಚಯಿಸುವುದೂ ಒಂದೇ ಜಾತಿಯ ವಸ್ತುಗಳು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಮೋಮಾ 2010ರಲ್ಲಿ ಮಿಂಚಂಚೆ ವಿಳಾಸದ @ ಚಿಹ್ನೆಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು, ಮರುವರ್ಷ 23 ಡಿಜಿಟಲ್ ಅಕ್ಷರಶೈಲಿಗಳನ್ನು ಸೇರಿಸಿತು. ಅಂಥ ಕಡೆ ಫಲಕಕ್ಕೆ ಯಾವ ಅಕ್ಷರಶೈಲಿ ಹಾಕಿದರೂ ಅದು ಪ್ರದರ್ಶನದ ಒಂದು ವಸ್ತುವಿನ ದಾಯಾದಿಯೇ ಆಗುತ್ತದೆ.

ಆದ್ದರಿಂದ ಗುರುತಿನ ಪಾಲಿಗೆ ಬರುವುದು ಮನೆಯ ಯಜಮಾನನ ಪಾತ್ರ: ಬಂದವರನ್ನು ಬಾಗಿಲಲ್ಲಿ ಸ್ವಾಗತಿಸಿ, ಕೂರಿಸಿ, ಆಮೇಲೆ ಮಾತನ್ನು ಅತಿಥಿಗಳಿಗೆ ಬಿಟ್ಟುಕೊಡುವುದು. ಹಾಗೆಂದು ಯಜಮಾನ ಮುಖವಿಲ್ಲದವನಾಗಬೇಕಿಲ್ಲ. ಯಾರ ಮನೆಗೆ ಬಂದಿದ್ದೇವೆ ಎಂಬುದು ಒಳಗಿರುವಷ್ಟು ಹೊತ್ತೂ ಗೊತ್ತಾಗುತ್ತಿರಬೇಕು.

ಗುರುತಿಗೆ ಯಾವ ಕಾಲದ ಶೈಲಿಯನ್ನು ಆರಿಸಿಕೊಳ್ಳಬೇಕು?

ಯಾವುದನ್ನೂ ಆರಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಆದರೆ ಆ ಸಲಹೆಯನ್ನು ಪಾಲಿಸುವುದು ತೋರುವುದಕ್ಕಿಂತ ಕಷ್ಟ.

ಮೊದಲ ಆಕರ್ಷಣೆ ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯದು. 1919ರಿಂದ 1933ರವರೆಗೆ ವೈಮಾರ್, ಡೆಸ್ಸೌ, ಬರ್ಲಿನ್‌ಗಳಲ್ಲಿ ನಡೆದ ಆ ಶಾಲೆ ವಿನ್ಯಾಸದ ಇತಿಹಾಸಕ್ಕೇ ಪರ್ಯಾಯಪದವೆಂಬಂತೆ ಬಳಕೆಯಾಗುತ್ತಿದೆ. ಆಸ್ಕರ್ ಶ್ಲೆಮ್ಮರ್ 1922ರಲ್ಲಿ ಬರೆದ ಮುಖದ ಪಾರ್ಶ್ವಚಿತ್ರದ ಮುದ್ರೆಯಾಗಲಿ, ಹರ್ಬರ್ಟ್ ಬೇಯರ್ 1925ರಲ್ಲಿ ವೃತ್ತ ಮತ್ತು ಸರಳರೇಖೆಗಳಿಂದ ಕಟ್ಟಿದ ಸಣ್ಣಕ್ಷರಗಳಾಗಲಿ ಎಷ್ಟು ಪರಿಚಿತವೆಂದರೆ, ಕೆಂಪು ಚೌಕ, ನೀಲಿ ವೃತ್ತ, ಹಳದಿ ತ್ರಿಕೋನ ಕಂಡೊಡನೆ ಜನ ‘ವಿನ್ಯಾಸ’ ಎಂದುಕೊಳ್ಳುತ್ತಾರೆ. ಆದರೆ ನಿಮ್ಮ ಸಂಗ್ರಹದಲ್ಲಿ ಬೌಹೌಸ್‌ಗೆ ಒಂದೆರಡು ಪೆಟ್ಟಿಗೆ ಮೀಸಲಾಗಿದ್ದು, ಉಳಿದ ಹತ್ತಾರು ಪೆಟ್ಟಿಗೆಗಳಲ್ಲಿ ಅದಕ್ಕೂ ಹಿಂದಿನ ನೇಯ್ಗೆ, ನಂತರದ ಪ್ಲಾಸ್ಟಿಕ್ ವಸ್ತುಗಳು, ಯಾವ ಶಾಲೆಗೂ ಸೇರದ ಕಸುಬುದಾರರ ಕೆಲಸ ಇದ್ದರೆ, ಬಾಗಿಲಿನ ಮೇಲಿನ ಆ ತ್ರಿಕೋನ ಸುಳ್ಳು ಹೇಳುತ್ತಿರುತ್ತದೆ. ಬೌಹೌಸ್ ಕೊಠಡಿಗೆ ಬಂದಾಗಂತೂ ಅಸಲೂ ನಕಲೂ ಎದುರುಬದುರಾಗಿ ನಕಲಿನ ಬಣ್ಣ ಬಯಲಾಗುತ್ತದೆ.

ಎರಡನೆಯ ಆಕರ್ಷಣೆ ಇನ್ನೂ ಸೂಕ್ಷ್ಮವಾದದ್ದು: ಅಲಂಕಾರವಿಲ್ಲದ, ಗೆರೆಗಳ ತುದಿಯಲ್ಲಿ ಚುಂಚುಗಳಿಲ್ಲದ (ಸ್ಯಾನ್ಸ್ ಸೆರಿಫ್) ರೋಮನ್ ಅಕ್ಷರ, ಬಿಳಿ ಹಿನ್ನೆಲೆ, ಎಡಕ್ಕೆ ಜೋಡಿಸಿದ ಸಾಲುಗಳು. ಇದನ್ನು ಕಾಲಾತೀತ, ತಟಸ್ಥ ಎಂದು ಹೇಳಿ ಮಾರುತ್ತಾರೆ. ವಾಸ್ತವದಲ್ಲಿ ಅದು 1950–60ರ ದಶಕದ ಸ್ವಿಟ್ಜರ್ಲೆಂಡಿನ ಮುದ್ರಣ ವಿನ್ಯಾಸದಿಂದ ಬಂದ ರೂಢಿ. ಹೆಲ್ವೆಟಿಕಾ ಆಗಿ ಹೆಸರಾದ ಅಕ್ಷರಶೈಲಿ ಹೊರಬಂದದ್ದು 1957ರಲ್ಲಿ, ಮತ್ತು ಈ ಇಸವಿ ನಿಮ್ಮ ಸಂಗ್ರಹವನ್ನು ನೋಡಿಕೊಳ್ಳುವ ಕ್ಯುರೇಟರ್‌ಗೆ ಬಾಯಿಪಾಠ. ಕಾಲವಿಲ್ಲದ ಶೈಲಿ ಇಲ್ಲ. ಇರುವುದು ಎರಡೇ ದಾರಿ: ನಿಮ್ಮದೇ ಕಾಲದಲ್ಲಿ ನಿಂತು ಪ್ರಾಮಾಣಿಕವಾಗಿ ಬರೆಯುವುದು, ಇಲ್ಲವೇ ಶೈಲಿಯಿಂದ ಶುರುಮಾಡುವುದನ್ನೇ ಬಿಟ್ಟು ಸಂಸ್ಥೆ ದಿನವೂ ಮಾಡುವ ಕೆಲಸದಿಂದ ಶುರುಮಾಡುವುದು. ಎರಡನೆಯ ದಾರಿ ಹಿಡಿದವರು ಮೊದಲನೆಯದನ್ನೂ ತಾವಾಗಿ ತಲುಪುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಪ್ರಸಿದ್ಧ ಕುರ್ಚಿಯನ್ನೋ ದೀಪವನ್ನೋ ಲಾಂಛನವಾಗಿ ಮಾಡಿಕೊಳ್ಳಬಹುದೇ?

ಬೇಡ. ಥೋನೆಟ್ ಕಂಪನಿ 1859ರಲ್ಲಿ ಹೊರತಂದ ಬಾಗಿಸಿದ ಮರದ 14ನೇ ಸಂಖ್ಯೆಯ ಕುರ್ಚಿಯ ಹೊರರೇಖೆ ಚೆಲುವಾಗಿಯೇ ಇದೆ, ಆದರೆ ಅದನ್ನು ಬಾಗಿಲ ಮೇಲೆ ಹಾಕಿದರೆ ಸಂಸ್ಥೆ ಕುರ್ಚಿಗಳ ವಸ್ತುಸಂಗ್ರಹಾಲಯವಾಗಿಬಿಡುತ್ತದೆ. ಅದಲ್ಲದೆ ಆ ವಸ್ತುವಿನ ರೂಪದ ಹಕ್ಕು ಬೇರೆಯವರ ಕೈಯಲ್ಲಿರಬಹುದು. ವಸ್ತುವಿನ ಒಡೆತನ ಬೇರೆ, ಅದರ ರೂಪದ ಮೇಲಿನ ಹಕ್ಕು ಬೇರೆ.

ಹಾಗಾದರೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ವಸ್ತುವಿನ ಪಕ್ಕದಲ್ಲಿಡುವ ವಿವರಣ ಚೀಟಿಯಿಂದ. ಈ ಪುಟದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ರೂಢಿಯಲ್ಲಿ ಮೊದಲು ಲೋಗೋ ಆಗುತ್ತದೆ, ನಂತರ ಭಿತ್ತಿಪತ್ರ, ಕೈಚೀಲ, ಜಾಲತಾಣ. ಚೀಟಿಯ ವಿನ್ಯಾಸ ಉದ್ಘಾಟನೆಗೆ ಕೆಲವೇ ವಾರ ಉಳಿದಿರುವಾಗ, ಉಳಿದಿರುವ ಹಣದಲ್ಲಿ, ಉಳಿದಿರುವ ಫಾಂಟಿನಲ್ಲಿ ಮುಗಿಯುತ್ತದೆ. ಆದರೆ ಒಳಗೆ ಬಂದವರು ಲೋಗೋವನ್ನು ನೋಡುವುದು ಬಾಗಿಲಲ್ಲಿ ಒಂದು ಸಲ, ಚೀಟಿಯನ್ನು ಓದುವುದು ಹತ್ತಾರು ಸಲ. ಸಂಸ್ಥೆಯ ದನಿ ಅವರಿಗೆ ಕೇಳುವುದು ಆ ಅಂಗೈಯಗಲದ ಜಾಗದಲ್ಲಿ.

ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಗುರುತಿನ ಬಣ್ಣ ತಿಳಿಬೂದು ಎಂದು ನಿರ್ಧಾರವಾಗಿತ್ತು. ಪರದೆಯ ಮೇಲೆ ಅದು ಬಹಳ ಸೊಗಸಾಗಿ ಕಾಣುತ್ತಿತ್ತು, ಒಪ್ಪಿಗೆ ಕೊಟ್ಟವರಲ್ಲಿ ನಾನೂ ಇದ್ದೆ. ಭಿತ್ತಿಪತ್ರಗಳ ಕೊಠಡಿ ತೆರೆದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ಹಿರಿಯರೊಬ್ಬರು ಒಂದು ಕೈಯನ್ನು ಗಾಜಿಗೆ ಅಡ್ಡ ಹಿಡಿದು ಪ್ರತಿಫಲನವನ್ನು ತಡೆದುಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲಿನ ಟಾರ್ಚ್ ಬಿಟ್ಟುಕೊಂಡು, ಸೊಂಟ ಬಗ್ಗಿಸಿ ಚೀಟಿ ಓದುತ್ತಿದ್ದರು. ಆ ಬೆಳಕು ಪಕ್ಕದ ಹಳೆಯ ಕಾಗದದ ಮೇಲೂ ಬೀಳುತ್ತಿತ್ತು. ಕಾಗದ, ಬಟ್ಟೆ, ಜಲವರ್ಣದಂಥ ಬೆಳಕಿಗೆ ಸೊರಗುವ ವಸ್ತುಗಳಿರುವ ಕಡೆ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಆಸುಪಾಸಿನಲ್ಲೇ ಹಿಡಿದಿಡುತ್ತಾರೆ. ಅಷ್ಟು ಮಂದ ಬೆಳಕಿನಲ್ಲಿ ಬಿಳಿ ಕಾಗದದ ಮೇಲಿನ ತಿಳಿಬೂದು ಅಕ್ಷರ ಕರಗಿಹೋಗುತ್ತದೆ. ಕಾಗದವನ್ನು ಉಳಿಸಲೆಂದು ತಗ್ಗಿಸಿದ ಬೆಳಕನ್ನು ನಮ್ಮ ಚೀಟಿಯೇ ಮತ್ತೆ ಹೆಚ್ಚಿಸಿತ್ತು. ಆ ದಿನದ ನಂತರ ಮಂದ ಬೆಳಕಿನ ಕೋಣೆಯಲ್ಲಿ ಓದಿ ನೋಡದ ಯಾವ ಬಣ್ಣಕ್ಕೂ ನಾನು ಒಪ್ಪಿಗೆ ಕೊಟ್ಟಿಲ್ಲ.

ಚೀಟಿಯಿಂದ ಆರಂಭಿಸಲು ಇನ್ನೂ ದೊಡ್ಡ ಕಾರಣವಿದೆ. ಚೀಟಿಯ ಮಾದರಿಯಲ್ಲಿ ಯಾವ ಸಾಲು ಮೊದಲು, ಯಾವುದು ದಪ್ಪ, ಯಾವುದು ಸಣ್ಣದು ಎಂದು ನಿರ್ಧರಿಸುವಾಗ ಯಾರನ್ನು ನೆನಪಿಡಬೇಕು ಎಂಬುದನ್ನೂ ನಿರ್ಧರಿಸುತ್ತಿರುತ್ತೇವೆ. ‘ವಿನ್ಯಾಸಕಾರ’ ಎಂದು ಒಂದೇ ಒಂದು ಸಾಲನ್ನು ದಪ್ಪಕ್ಷರದಲ್ಲಿ ಮೀಸಲಿಟ್ಟ ಮಾದರಿಯಲ್ಲಿ 1928ರ ಆ ಪ್ರಸಿದ್ಧ ಒರಗು ಕುರ್ಚಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಹೆಸರಿಗೆ ಮಾತ್ರ ಸೇರಿ, ಅವರೊಡನೆ ದುಡಿದ ಷಾರ್ಲೊಟ್ ಪೆರಿಯಾಂ ಮತ್ತು ಪಿಯರ್ ಜಾನ್ನೆರೆ ಜಾಗವಿಲ್ಲದೆ ಉದುರಿಹೋಗುತ್ತಾರೆ. ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ ಅವರ ಹೆಸರಿನ ಪಕ್ಕದಲ್ಲಿ ಅವರೊಡನೆ ದುಡಿದ ವಿನ್ಯಾಸಕಾರ್ತಿ ಲಿಲ್ಲಿ ರೈಖ್ ಬಹುಕಾಲ ಕಾಣದೆ ಉಳಿದದ್ದರಲ್ಲಿ ಇಂಥ ಇಕ್ಕಟ್ಟಾದ ಸಾಲುಗಳ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಮೂರು ಹೆಸರುಗಳು ಒಂದೇ ಗಾತ್ರದಲ್ಲಿ ಹಿಡಿಸುವ ಚೀಟಿಯನ್ನು ಮೊದಲು ಮಾಡಿ. ಯಾರು ಮಾಡಿದರೆಂದು ಗೊತ್ತಿಲ್ಲದ ವಸ್ತುವಿಗೂ ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ ‘ರೂಪಿಸಿದವರ ಹೆಸರು ತಿಳಿದಿಲ್ಲ’ ಎಂದು ಬರಲಿ. ಅದನ್ನು ಮಸುಕಾಗಿಸಬೇಡಿ, ಜಾಗವನ್ನು ಖಾಲಿಯಂತೂ ಬಿಡಲೇಬೇಡಿ. ದಿನಬಳಕೆಯ ವಸ್ತುಗಳಲ್ಲಿ ಬಹುಪಾಲು ಹೆಸರಿಲ್ಲದವರ ಕೈಯಿಂದಲೇ ಬಂದವು.

ಇಸವಿಯ ವಿಚಾರವೂ ಹಾಗೆಯೇ. 1929ರಲ್ಲಿ ವಿನ್ಯಾಸಗೊಂಡ ಕುರ್ಚಿಯೊಂದರ, ನಿಮ್ಮ ಎದುರಿಗಿರುವ ಪ್ರತಿ ದಶಕಗಳ ಬಳಿಕ ಕಾರ್ಖಾನೆಯಿಂದ ಹೊರಬಂದದ್ದಾಗಿರಬಹುದು. ವಿನ್ಯಾಸದ ವರ್ಷ, ತಯಾರಿಕೆಯ ವರ್ಷ ಎರಡಕ್ಕೂ ಚೀಟಿಯಲ್ಲಿ ಜಾಗ ಬೇಕು, ಮತ್ತು ಅವುಗಳ ವ್ಯತ್ಯಾಸ ಓದುಗರಿಗೆ ವಿವರಣೆಯಿಲ್ಲದೆ ಹೊಳೆಯಬೇಕು. ಆಮೇಲೆ ಬರುವುದು ನೋಂದಣಿ ಸಂಖ್ಯೆ. ಅನೇಕ ಸಂಗ್ರಹಗಳಲ್ಲಿ ಇದು ಮೂರು ತುಂಡುಗಳಾಗಿ ಇರುತ್ತದೆ: ವಸ್ತು ಬಂದ ವರ್ಷ, ಆ ವರ್ಷ ಅದು ಎಷ್ಟನೆಯ ಕಂತಿನಲ್ಲಿ ಬಂತು, ಆ ಕಂತಿನಲ್ಲಿ ಎಷ್ಟನೆಯದು. ಸಂದರ್ಶಕರಿಗೆ ಇದು ಬೇಡವೆಂದು ತೆಗೆದುಹಾಕುವವರಿದ್ದಾರೆ. ನಾನು ಉಳಿಸಿಕೊಳ್ಳುತ್ತೇನೆ. ಸಂಸ್ಥೆಯ ಅತ್ಯಂತ ಹಳೆಯ, ಅತ್ಯಂತ ಶಿಸ್ತಿನ ದೃಶ್ಯ ರೂಢಿ ಅದೇ. ಯಾರೋ ಸಣ್ಣ ಕುಂಚದಲ್ಲಿ, ಕುರ್ಚಿಯ ಅಡಿಭಾಗದಲ್ಲಿ, ಕಾಣದ ಕಡೆ ಅದನ್ನು ಬರೆದಿರುತ್ತಾರೆ. ಚೀಟಿ, ಜಾಲತಾಣ, ಪುಸ್ತಕ, ಉಗ್ರಾಣದ ಪೆಟ್ಟಿಗೆ ಎಲ್ಲ ಕಡೆಯೂ ಆ ಸಂಖ್ಯೆಯನ್ನು ಒಂದೇ ರೀತಿಯಲ್ಲಿ ಜೋಡಿಸಿದರೆ ಇಡೀ ಗುರುತಿಗೆ ಬೆನ್ನೆಲುಬು ಸಿಕ್ಕಂತೆ.

ಇಷ್ಟಾದ ಮೇಲೆ ಚೀಟಿಯಿಂದ ಗೋಡೆಯ ಬರಹಕ್ಕೆ, ಅಲ್ಲಿಂದ ದಾರಿಫಲಕಕ್ಕೆ, ಭಿತ್ತಿಪತ್ರಕ್ಕೆ, ಕೊನೆಗೆ ಬಾಗಿಲಿನ ಹೆಸರಿಗೆ ಹೋಗಿ. ಲೋಗೋ ಕಟ್ಟಕಡೆಗೆ ಬಂದರೆ ಅದು ಬಹುತೇಕ ತಾನಾಗಿಯೇ ಬರುತ್ತದೆ.

ಅಕ್ಷರಶೈಲಿಯನ್ನು ಕೊಳ್ಳಬೇಕೇ, ಬರೆಸಬೇಕೇ, ಹಳೆಯದನ್ನೇ ಬಳಸಬೇಕೇ?

ಮೂರಕ್ಕೂ ಒಳ್ಳೆಯ ನಿದರ್ಶನಗಳಿವೆ. ಮೋಮಾ 1960ರ ದಶಕದಿಂದ ತನ್ನ ಹೆಸರನ್ನು ಫ್ರಾಂಕ್ಲಿನ್ ಗಾಥಿಕ್‌ನಲ್ಲಿ ಬರೆದುಕೊಂಡು ಬಂದಿದೆ. ಅದು ಮಾರಿಸ್ ಫುಲ್ಲರ್ ಬೆಂಟನ್ 1902ರಲ್ಲಿ ರೂಪಿಸಿದ ಶೈಲಿ. ಲೋಹದ ಅಚ್ಚುಮೊಳೆಯಿಂದ ಕಂಪ್ಯೂಟರಿಗೆ ಬರುವಷ್ಟರಲ್ಲಿ ಆ ಅಕ್ಷರಗಳ ಮೈಕಟ್ಟು ಬದಲಾಗಿತ್ತು. ಹೊಸ ಕಟ್ಟಡದ ತಯಾರಿ ನಡೆದಿದ್ದ 2003ರ ಸುಮಾರಿಗೆ ಅಕ್ಷರ ವಿನ್ಯಾಸಕಾರ ಮ್ಯಾಥ್ಯೂ ಕಾರ್ಟರ್ ಹಳೆಯ ಲೋಹದ ಮೊಳೆಗಳನ್ನು ಎದುರಿಗಿಟ್ಟುಕೊಂಡು ಅದನ್ನು ಹೊಸದಾಗಿ ಬರೆದರು. ದಾರಿಹೋಕರಿಗೆ ವ್ಯತ್ಯಾಸ ಕಾಣುವುದು ಕಷ್ಟ. ಆದರೆ ಮೂಲವನ್ನು ನೋಡುವುದೇ ಕಸುಬಾಗಿರುವ ಸಂಸ್ಥೆ ತನ್ನ ಹೆಸರಿನ ಮೂಲವನ್ನೂ ಹಾಗೆಯೇ ನೋಡಿತು ಎಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ನ್ಯೂಯಾರ್ಕಿನ ಕೂಪರ್ ಹೆವಿಟ್ ವಿನ್ಯಾಸ ವಸ್ತುಸಂಗ್ರಹಾಲಯದ್ದು ಬೇರೆಯೇ ದಾರಿ. 2014ರಲ್ಲಿ ಅದು ಮತ್ತೆ ತೆರೆದಾಗ ಚೆಸ್ಟರ್ ಜೆಂಕಿನ್ಸ್ ಬರೆದ ಅಕ್ಷರಶೈಲಿಯನ್ನು ಹೊಸ ಗುರುತಿಗೆ ಬಳಸಿತು, ಜೊತೆಗೆ ಯಾರು ಬೇಕಾದರೂ ಇಳಿಸಿಕೊಂಡು ಬಳಸಲು, ತಿದ್ದಲು ಅನುಕೂಲವಾಗುವಂತೆ ಅದನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಇಲ್ಲಿ ಗುರುತೇ ಸಂಸ್ಥೆಯ ಉದ್ದೇಶವನ್ನು ನೆರವೇರಿಸಿದೆ: ವಿನ್ಯಾಸವನ್ನು ಕಲಿಸುವ ಸಂಸ್ಥೆ ತನ್ನ ಉಪಕರಣವನ್ನೇ ಕಲಿಯುವವರ ಕೈಗೆ ಕೊಟ್ಟಿತು.

ಹಣ ಕಡಿಮೆ ಇದ್ದರೆ ಒಳ್ಳೆಯ ಶೈಲಿಯೊಂದನ್ನು ಕೊಳ್ಳುವುದೇ ಸರಿ. ಆಗ ಪರವಾನಗಿಯನ್ನು ಓದಿ. ಮುದ್ರಣಕ್ಕೆ, ಜಾಲತಾಣಕ್ಕೆ, ಮೊಬೈಲ್ ಆ್ಯಪ್‌ಗೆ ಪರವಾನಗಿಗಳು ಬೇರೆಬೇರೆ ಇರುವುದು ಸಾಮಾನ್ಯ, ಮತ್ತು ಹೊರಗಿನಿಂದ ಬರುವ ಮುದ್ರಕರು, ಫಲಕ ಬರೆಯುವವರು ಆ ಪರವಾನಗಿಯಡಿ ಬರುತ್ತಾರೋ ಇಲ್ಲವೋ ಎಂಬುದು ಮೊದಲೇ ತಿಳಿದಿರಬೇಕು. ಅಂಕಿಗಳನ್ನು ಮರೆಯಬೇಡಿ. ಇಸವಿ, ಅಳತೆ, ನೋಂದಣಿ ಸಂಖ್ಯೆಗಳೇ ತುಂಬಿರುವ ಇಂಥ ಸಂಸ್ಥೆಗೆ ಅಕ್ಷರಗಳಿಗಿಂತ ಅಂಕಿಗಳು ಮುಖ್ಯವಾದರೂ ಆಶ್ಚರ್ಯವಿಲ್ಲ. 3 ಮತ್ತು 8, 1 ಮತ್ತು 7 ಮಂದ ಬೆಳಕಿನಲ್ಲಿ ಒಂದರಂತೆ ಒಂದು ಕಾಣುವ ಶೈಲಿಯನ್ನು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಎರಡು ಅಥವಾ ಮೂರು ಲಿಪಿಗಳಲ್ಲಿ ಕೆಲಸ ಮಾಡುವಾಗ ಏನನ್ನು ಗಮನಿಸಬೇಕು?

ಒಂದು ಲಿಪಿಯಲ್ಲಿ ಗುರುತನ್ನು ಪೂರ್ತಿ ಮುಗಿಸಿ, ಉಳಿದವುಗಳಿಗೆ ‘ಹೊಂದುವ ಫಾಂಟ್’ ಹುಡುಕುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಎಲ್ಲ ಲಿಪಿಗಳೂ ಮೊದಲ ದಿನದಿಂದ ಮೇಜಿನ ಮೇಲಿರಬೇಕು. ರೋಮನ್ ಲಿಪಿಯ ಗುರುತುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಬಳಸಿ ಶೀರ್ಷಿಕೆಗೆ ತೂಕ ಕೊಡುತ್ತಾರೆ. ಕನ್ನಡದಂಥ ಲಿಪಿಯಲ್ಲಿ ಆ ಭೇದವೇ ಇಲ್ಲ, ಓರೆಯಕ್ಷರವೂ ಸಹಜವಲ್ಲ. ಆದ್ದರಿಂದ ಯಾವ ಬರಹ ಮುಖ್ಯ ಎಂದು ತೋರಿಸುವ ಶ್ರೇಣಿಯನ್ನು ಗಾತ್ರ, ದಪ್ಪ, ಜಾಗ ಈ ಮೂರರಿಂದಲೇ ಕಟ್ಟಬೇಕಾಗುತ್ತದೆ. ಹಾಗೆ ಕಟ್ಟಿದ ಶ್ರೇಣಿ ರೋಮನ್ ಲಿಪಿಗೂ ಹೊಂದುತ್ತದೆ, ಆದರೆ ತಿರುಗಿಸಿ ಮಾಡಲು ಆಗುವುದಿಲ್ಲ.

ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ‘ರಾಷ್ಟ್ರೀಯ’, ‘ವಾಸ್ತುಶಿಲ್ಪ’, ‘ಶಾಸ್ತ್ರಜ್ಞ’ ಈ ಮೂರು ಪದಗಳನ್ನು ಒಂದರ ಕೆಳಗೊಂದು ಬರೆದು ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆಯೇ ಎಂದು ನೋಡಿದರೆ ಅಂತರದ ಲೆಕ್ಕ ಸಿಗುತ್ತದೆ. ಅಕ್ಷರಗಳ ನಡುವೆ ಜಾಗ ಬಿಟ್ಟು ಹರಡುವುದು ರೋಮನ್ ದೊಡ್ಡಕ್ಷರಗಳಿಗೆ ಒಪ್ಪುವಷ್ಟು ಕನ್ನಡಕ್ಕೆ ಒಪ್ಪುವುದಿಲ್ಲ, ಪದದ ಮೈ ಸಡಿಲವಾಗುತ್ತದೆ. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಮುದ್ರಣವಾಗುತ್ತವೆ. ಲಿಪಿ ಓದಲು ಬಾರದವರ ಕಣ್ಣಿಗೆ ಆ ತಪ್ಪು ಬೀಳುವುದೇ ಇಲ್ಲ. ಆದ್ದರಿಂದ ಮುದ್ರಣಕ್ಕೆ ಕಳಿಸುವ ಕೊನೆಯ ಪ್ರತಿಯನ್ನು ಆ ಲಿಪಿಯನ್ನು ದಿನವೂ ಓದುವವರೊಬ್ಬರು ನೋಡಲೇಬೇಕು.

ಬಣ್ಣಗಳನ್ನು ಹೇಗೆ ಆರಿಸುವುದು?

ಕಡಿಮೆ ಆರಿಸಿ. ಸಂಗ್ರಹದ ವಸ್ತುಗಳೇ ಸಾಕಷ್ಟು ಬಣ್ಣ ತರುತ್ತವೆ. ಸೊಟ್‌ಸಾಸ್ ಮತ್ತು ಪೆರ್ರಿ ಕಿಂಗ್ ಇಟಲಿಯ ಒಲಿವೆಟ್ಟಿ ಕಂಪನಿಗಾಗಿ ರೂಪಿಸಿದ 1969ರ ವ್ಯಾಲೆಂಟೈನ್ ಬೆರಳಚ್ಚು ಯಂತ್ರದ ಕೆಂಪಿನ ಪಕ್ಕದಲ್ಲಿ ನಿಮ್ಮ ಗುರುತಿನ ಕೆಂಪು ನಿಂತರೆ ಎರಡರಲ್ಲೊಂದು ಮಂಕಾಗುತ್ತದೆ, ಮತ್ತು ಮಂಕಾಗುವುದು ಯಂತ್ರವಂತೂ ಅಲ್ಲ. ಓದುವ ಬರಹಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವೈದೃಶ್ಯ (ಕಾಂಟ್ರಾಸ್ಟ್) ಪರದೆಯ ಮೇಲೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕೆಂದು ಜಾಲತಾಣಗಳ ಸುಲಭಬಳಕೆಯ ಮಾರ್ಗಸೂಚಿ ಹೇಳುತ್ತದೆ. ಮಂದ ಬೆಳಕಿನ ಕೊಠಡಿಗೆ ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಿ. ಕೆಂಪು ಮತ್ತು ಹಸಿರನ್ನು ಬೇರೆಬೇರೆಯಾಗಿ ಗುರುತಿಸಲಾಗದವರು ಗಂಡಸರಲ್ಲಿ ಗಣನೀಯ ಸಂಖ್ಯೆಯಲ್ಲಿರುವುದರಿಂದ, ಮಹಡಿಗಳನ್ನೋ ಕಾಲಘಟ್ಟಗಳನ್ನೋ ಬಣ್ಣವೊಂದರಿಂದಲೇ ಬೇರ್ಪಡಿಸಬೇಡಿ. ಮುದ್ರಣದ ಶಾಯಿ, ಪರದೆ, ಗೋಡೆಯ ಪೇಂಟ್ ಈ ಮೂರಕ್ಕೂ ಒಂದೇ ಬಣ್ಣದ ಮೂರು ಬೇರೆ ಸಂಖ್ಯೆಗಳು ಬೇಕಾಗುತ್ತವೆ. ಅವನ್ನು ಸೂತ್ರದಿಂದ ಪರಿವರ್ತಿಸುವ ಬದಲು ಮಾದರಿಗಳನ್ನು ಅಕ್ಕಪಕ್ಕ ಹಿಡಿದು ಕಣ್ಣಿನಿಂದಲೇ ಹೊಂದಿಸಬೇಕು.

ಗಾಜಿನ ಪೆಟ್ಟಿಗೆಯೊಳಗೆ ನಮಗಿಷ್ಟವಾದ ಸಾಮಗ್ರಿಯನ್ನು ಬಳಸಬಹುದೇ?

ಸಂರಕ್ಷಣಾ ವಿಭಾಗವನ್ನು ಕೇಳದೆ ಏನನ್ನೂ ಬಳಸುವಂತಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟು, ಬಣ್ಣ, ವಿನೈಲ್ ಅಕ್ಷರ, ಮರದ ಹಲಗೆ ಇವು ಬಿಡುವ ಆವಿಗಳು ಬೆಳ್ಳಿಯನ್ನು ಕಪ್ಪಾಗಿಸುತ್ತವೆ, ಸೀಸವನ್ನು ತಿನ್ನುತ್ತವೆ. ಬ್ರಿಟಿಷ್ ಮ್ಯೂಸಿಯಂನ ಆ್ಯಂಡ್ರೂ ಆಡಿ 1973ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಅವರ ಹೆಸರಿನಲ್ಲೇ ಇಂದಿಗೂ ಬಳಕೆಯಲ್ಲಿದೆ: ಸಂದೇಹಕ್ಕೊಳಗಾದ ಸಾಮಗ್ರಿಯ ತುಂಡನ್ನು ಬೆಳ್ಳಿ, ತಾಮ್ರ, ಸೀಸದ ಚಿಕ್ಕ ತಗಡುಗಳೊಡನೆ ಒಂದು ಮುಚ್ಚಿದ ಗಾಜಿನ ಕೊಳವೆಯಲ್ಲಿಟ್ಟು, ಸ್ವಲ್ಪ ನೀರು ಸೇರಿಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಬಿಡುತ್ತಾರೆ. ತಗಡಿನ ಹೊಳಪು ಮಾಸಿದರೆ ಆ ಸಾಮಗ್ರಿ ಪೆಟ್ಟಿಗೆಯ ಹೊರಗೇ ಉಳಿಯಬೇಕು. ಈ 28 ದಿನಗಳು ನಿಮ್ಮ ವೇಳಾಪಟ್ಟಿಯಲ್ಲಿ ಇರಲಿ. ಉದ್ಘಾಟನೆಗೆ ಎರಡು ವಾರ ಇರುವಾಗ ಕೇಳಿದರೆ ಉತ್ತರ ಬರುವಷ್ಟರಲ್ಲಿ ಬಾಗಿಲು ತೆರೆದಾಗಿರುತ್ತದೆ.

ಆಗಾಗ ರೂಪ ಬದಲಿಸುವ ಲೋಗೋ ಒಳ್ಳೆಯದೇ?

ಬದಲಾವಣೆಗೆ ಕಾರಣ ಇದ್ದರೆ ಒಳ್ಳೆಯದು. 2000ದಲ್ಲಿ ಬ್ರಿಟನ್ನಿನ ಕಲಾ ಸಂಸ್ಥೆ ಟೇಟ್‌ಗಾಗಿ ವುಲ್ಫ್ ಆಲಿನ್ಸ್ ಎಂಬ ವಿನ್ಯಾಸ ಸಂಸ್ಥೆ ಮಾಡಿದ ಗುರುತಿನಲ್ಲಿ ಹೆಸರು ಒಮ್ಮೆ ಸ್ಪಷ್ಟವಾಗಿ, ಒಮ್ಮೆ ಮಸುಕಾಗಿ, ಹಲವು ರೂಪಗಳಲ್ಲಿ ಬರುತ್ತಿತ್ತು. ಹೊಸ ಗ್ಯಾಲರಿಯೊಂದು ತೆರೆಯುತ್ತಿದ್ದ ಹೊತ್ತಿನ ಚೈತನ್ಯ ಅದರಲ್ಲಿತ್ತು. 2016ರಲ್ಲಿ ನಾರ್ತ್ ಎಂಬ ವಿನ್ಯಾಸ ಸಂಸ್ಥೆ ಅದನ್ನು ಒಂದೇ ರೂಪಕ್ಕೆ ಇಳಿಸಿತು. ಹಲವು ರೂಪಗಳ ವ್ಯವಸ್ಥೆಯನ್ನು ದಿನನಿತ್ಯ ನಿಭಾಯಿಸುವ ಭಾರ ಸಂಸ್ಥೆಯ ಸಿಬ್ಬಂದಿಯ ಮೇಲೆ ಬೀಳುತ್ತದೆ ಎಂಬುದನ್ನು ವಿನ್ಯಾಸಕಾರರು ಸುಲಭವಾಗಿ ಮರೆಯುತ್ತಾರೆ.

2013ರಲ್ಲಿ ಎಕ್ಸ್‌ಪೆರಿಮೆಂಟಲ್ ಜೆಟ್‌ಸೆಟ್ ಎಂಬ ವಿನ್ಯಾಸ ತಂಡ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಮಾಡಿದ ತೆಳುಗೆರೆಯ ‘ಡಬ್ಲ್ಯು’ ಬೇರೆ ಬಗೆಯದು. ಪುಟದಲ್ಲಿ ಕಲಾಕೃತಿಗೆ ಜಾಗ ಕೊಟ್ಟ ಮೇಲೆ ಉಳಿದ ಜಾಗಕ್ಕೆ ತಕ್ಕಂತೆ ಆ ಗೆರೆ ಹಿಗ್ಗುತ್ತದೆ, ಕುಗ್ಗುತ್ತದೆ. ಇಲ್ಲಿ ಬದಲಾವಣೆಗೆ ಕಾರಣ ಕೃತಿ. ಮೇಲೆ ಹೇಳಿದ ಯಜಮಾನನ ನಡವಳಿಕೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ತಾತ್ಕಾಲಿಕ ಪ್ರದರ್ಶನಗಳ ಭಿತ್ತಿಪತ್ರಗಳೂ ಇದೇ ಗುರುತಿನಲ್ಲಿರಬೇಕೇ?

ಚೌಕಟ್ಟು ಒಂದಿರಲಿ, ದನಿ ಬೇರೆಯಿರಲಿ. ಆಮ್‌ಸ್ಟರ್‌ಡ್ಯಾಮಿನ ಸ್ಟೇಡೆಲೆಕ್ ಮ್ಯೂಸಿಯಂಗೆ ವಿನ್ಯಾಸಕಾರ ವಿಮ್ ಕ್ರೌವೆಲ್ 1960ರ ದಶಕದಿಂದ ಸುಮಾರು ಎರಡು ದಶಕ ಕೆಲಸ ಮಾಡಿದರು. ಒಂದೇ ಗ್ರಿಡ್ಡಿನ (ಪುಟವನ್ನು ಭಾಗ ಮಾಡುವ ಅಡ್ಡ-ಉದ್ದ ಗೆರೆಗಳ ಚೌಕಟ್ಟಿನ) ಮೇಲೆ ಪ್ರದರ್ಶನದಿಂದ ಪ್ರದರ್ಶನಕ್ಕೆ ಬೇರೆಯಾಗಿ ಕಾಣುವ ಭಿತ್ತಿಪತ್ರಗಳನ್ನು ಅವರು ಮಾಡಿದರು. 1968ರಲ್ಲಿ ವಿನ್ಯಾಸಕಾರರ ಕೃತಿಗಳ ಪ್ರದರ್ಶನವೊಂದಕ್ಕೆ ಮಾಡಿದ ಭಿತ್ತಿಪತ್ರದಲ್ಲಿ ಸದಾ ಅಡಗಿರುವ ಆ ಗ್ರಿಡ್ಡಿನ ಗೆರೆಗಳನ್ನೇ ಮುದ್ರಿಸಿ, ಅದೇ ಚೌಕಗಳಿಂದ ಅಕ್ಷರಗಳನ್ನು ಕಟ್ಟಿದರು. ವಿನ್ಯಾಸವನ್ನು ತೋರಿಸುವ ಪ್ರದರ್ಶನಕ್ಕೆ ವಿನ್ಯಾಸದ ಒಳಗಟ್ಟನ್ನೇ ತೆರೆದಿಟ್ಟ ಆ ಹಾಳೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸುವುದಿಲ್ಲ.

ಹೊಸ ಗುರುತನ್ನು ಜನ ವಿರೋಧಿಸಿದರೆ?

ವಿರೋಧಿಸುತ್ತಾರೆ, ಅದರಲ್ಲೂ ವಿನ್ಯಾಸ ಬಲ್ಲವರೇ ಬರುವ ಸಂಸ್ಥೆಯಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2016ರಲ್ಲಿ ಪುನರುಜ್ಜೀವನ ಕಾಲದ ಮರದಚ್ಚಿನಿಂದ ಬಂದ ತನ್ನ ‘ಎಂ’ ಚಿಹ್ನೆಯನ್ನು ಬಿಟ್ಟು ಅಕ್ಷರಗಳು ಒಂದಕ್ಕೊಂದು ತಗಲುವ ಕೆಂಪು ಹೆಸರನ್ನು ತಂದಾಗ ಟೀಕೆ ಜೋರಾಗಿಯೇ ಇತ್ತು. 2012ರಲ್ಲಿ ವಿನ್ಯಾಸಕಾರ್ತಿ ಇರ್ಮಾ ಬೂಮ್ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನ ಹೆಸರಿನ ನಡುವೆ ಸಣ್ಣ ಜಾಗ ಬಿಟ್ಟಾಗ, ಒಂದೇ ಸಮಾಸಪದವನ್ನು ಒಡೆದು ಬರೆದರೆಂದು ಡಚ್ ಓದುಗರು ಆಕ್ಷೇಪಿಸಿದರು. ಸಮಾಸವನ್ನು ಕೂಡಿಸಿಯೇ ಬರೆಯುವ ಭಾಷೆಯವರಿಗೆ ಆ ಬೇಸರ ಅರ್ಥವಾಗುತ್ತದೆ. ಟೀಕೆಯಲ್ಲಿ ಓದಲು ಆಗುತ್ತಿಲ್ಲ, ಹೆಸರು ತಪ್ಪಾಗಿದೆ, ಭಾಷೆಗೆ ಹೊಂದುತ್ತಿಲ್ಲ ಎಂಬ ಮಾತು ಬಂದರೆ ಕೂಡಲೇ ಪರಿಶೀಲಿಸಿ. ಹಳೆಯದೇ ಚೆನ್ನಾಗಿತ್ತು ಎಂಬ ಮಾತಿಗೆ ಒಂದು ವರ್ಷ ಕಾಲ ಕೊಡಿ.

ಒಂದು ಗುರುತು ಎಷ್ಟು ಕಾಲ ಬಾಳಬೇಕು?

ವಿನ್ಯಾಸಕಾರ ಆಲನ್ ಫ್ಲೆಚರ್ 1989ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಬರೆದ ‘V&A’ ಎಂಬ ಗುರುತು ಇಂದಿಗೂ ಬಳಕೆಯಲ್ಲಿದೆ. ಬೊಡೋನಿ ಶೈಲಿಯ ‘ಎ’ ಅಕ್ಷರದ ಎಡಗಾಲನ್ನು ಅವರು ತೆಗೆದುಹಾಕಿದರು, ಪಕ್ಕದಲ್ಲಿರುವ ‘ಮತ್ತು’ ಎಂಬರ್ಥದ ಚಿಹ್ನೆಯ ಬಾಗು ಆ ಕಾಲಿನ ಕೆಲಸವನ್ನೂ ಅಡ್ಡಗೆರೆಯ ಕೆಲಸವನ್ನೂ ವಹಿಸಿಕೊಂಡಿತು. ಮೂರು ಚಿಹ್ನೆಗಳಲ್ಲಿ ಒಂದನ್ನು ತೆಗೆದರೆ ಉಳಿದದ್ದು ನಿಲ್ಲದು. ಅದು ಬಾಳಿದ್ದು ಯಾವ ಕಾಲದ ಫ್ಯಾಷನ್ನಿಗೂ ಅಂಟಿಕೊಳ್ಳದೆ ಆ ಹೆಸರಿಗೆ ಮಾತ್ರ ಸೇರಿದ್ದರಿಂದ ಎಂದು ನನಗೆ ಅನಿಸುತ್ತದೆ. ಆದರೂ ವರ್ಷಗಳನ್ನು ಎಣಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ. ಚೀಟಿಯ ಮಾದರಿ, ಅಂಕಿಗಳ ಕ್ರಮ, ಅಂಚಿನ ಅಳತೆ ಗಟ್ಟಿಯಾಗಿದ್ದರೆ ಮುಂದೊಂದು ದಿನ ಹೆಸರಿನ ಅಕ್ಷರ ಬದಲಾದರೂ ಸಂಸ್ಥೆ ಅದೇ ಆಗಿ ಕಾಣುತ್ತದೆ.

ಬಳಕೆಯ ಕೈಪಿಡಿ ಎಷ್ಟು ದೊಡ್ಡದಿರಬೇಕು?

ವಿನ್ಯಾಸಕಾರರಲ್ಲದವರು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸುವಷ್ಟು. ಹೊಸ ಚೀಟಿಯನ್ನು ಕೂರಿಸುವವರು ಸಾಮಾನ್ಯವಾಗಿ ಸಂಗ್ರಹ ವಿಭಾಗದ ಸಹಾಯಕರು. ಅವರ ಕಂಪ್ಯೂಟರಿನಲ್ಲಿ ವಿನ್ಯಾಸ ತಂತ್ರಾಂಶವೇ ಇರದಿರಬಹುದು. ಅವರು ದಿನವೂ ಬಳಸುವ ಬರಹದ ತಂತ್ರಾಂಶದಲ್ಲೇ ಚೀಟಿಯ ಮಾದರಿ ತೆರೆಯಬೇಕು. ‘ಹೀಗೆ ಮಾಡಬೇಡಿ’ ಎಂಬ ಪುಟಗಳಿಗಿಂತ ಸರಿಯಾಗಿ ತುಂಬಿದ ಹತ್ತು ಚೀಟಿಗಳು ಹೆಚ್ಚು ಕಲಿಸುತ್ತವೆ: ಮೂರು ಹೆಸರಿರುವುದು, ಹೆಸರಿಲ್ಲದ್ದು, ಇಸವಿ ಅಂದಾಜಿನದು, ದಾನಿಯ ಹೆಸರು ಎರಡು ಸಾಲಿಗೆ ಹರಿಯುವುದು.

ಕೆಲಸ ಮುಗಿದ ಮೇಲೆ ಕರಡುಗಳನ್ನು ಏನು ಮಾಡಬೇಕು?

ಸಂಗ್ರಹಕ್ಕೆ ಸೇರಿಸಬೇಕು. ಬೇರೆ ಸಂಸ್ಥೆಗಳ ಪತ್ರದ ಶಿರೋನಾಮೆಗಳನ್ನು, ತಿರಸ್ಕೃತ ಚಿಹ್ನೆಗಳನ್ನು ಜೋಪಾನ ಮಾಡುವ ವಸ್ತುಸಂಗ್ರಹಾಲಯವು ತನ್ನದನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮರೆತುಬಿಡುವುದು ನೋವಿನ ಸಂಗತಿ, ಮತ್ತು ಇದು ಅಪರೂಪವೇನೂ ಅಲ್ಲ. ಒಪ್ಪಂದ ಮಾಡಿಕೊಳ್ಳುವಾಗಲೇ ಇದನ್ನು ಬರೆದುಕೊಳ್ಳಿ. ಕೈಬರಹದ ಕರಡುಗಳು, ಒಪ್ಪದೆ ಬಿಟ್ಟ ರೂಪಗಳು, ಸಭೆಯಲ್ಲಿ ಬಂದ ಆಕ್ಷೇಪಗಳ ಟಿಪ್ಪಣಿ, ಬಣ್ಣದ ಮಾದರಿಗಳು, ಬಳಸಿದ ಫಾಂಟಿನ ಆವೃತ್ತಿ ಇವು ಅದರಲ್ಲಿರಲಿ. ಕಡತಗಳನ್ನು ತಂತ್ರಾಂಶದ ಮೂಲರೂಪದ ಜೊತೆಗೆ ಪಿಡಿಎಫ್‌ನಲ್ಲೂ, ಒಳ್ಳೆಯ ಕಾಗದದ ಮೇಲಿನ ಮುದ್ರಿತ ಪ್ರತಿಯಲ್ಲೂ ಇಡಿ, ಏಕೆಂದರೆ ಮೂಲರೂಪವನ್ನು ತೆರೆಯುವ ತಂತ್ರಾಂಶ ಮುಂದೆ ಇರುತ್ತದೆಂಬ ಭರವಸೆಯಿಲ್ಲ. ಮಂದ ಬೆಳಕಿನ ಕೋಣೆಯಲ್ಲಿ ಓದಿ ನೋಡಿದ ಮೊದಲ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಅದರ ನೋಂದಣಿ ಸಂಖ್ಯೆಯನ್ನು ಬರೆದು, ಆಮ್ಲರಹಿತ ಕಾಗದದ ಲಕೋಟೆಯೊಳಗೆ ಹಾಕಿ, ಉಳಿದ ಮುದ್ರಿತ ವಸ್ತುಗಳಿರುವ ಅದೇ ಡ್ರಾಯರಿನಲ್ಲಿ ಇಡಿ.